ಶ್ರೀಲಂಕಾ, 2022: ಸಂಸತ್ತಿನ ಆಯ್ಕೆ ಸಾಕಿತ್ತೇ, ಜನರ ಮುಂದೆ ಹೋಗಬೇಕಿತ್ತೇ?

2022ರ ಏಪ್ರಿಲ್ 12ರಂದು ಶ್ರೀಲಂಕಾ ತನ್ನ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸುವುದಾಗಿ ಘೋಷಿಸಿತು. ಜುಲೈ 9ರಂದು ಜನರು ಕೊಲಂಬೊದಲ್ಲಿರುವ ಅಧ್ಯಕ್ಷರ ಅಧಿಕೃತ ನಿವಾಸದೊಳಗೆ ನುಗ್ಗಿದರು. ಜುಲೈ 13ರ ನಸುಕಿನಲ್ಲಿ ಅಧ್ಯಕ್ಷ ಗೊಟಬಯ ರಾಜಪಕ್ಸ ಸೇನಾ ವಿಮಾನ ಹತ್ತಿ ಮಾಲ್ಡೀವ್ಸ್‌ಗೆ ಹೋದರು. ಅಲ್ಲಿಂದ ಸಿಂಗಪುರ ತಲುಪಿ ಇ-ಮೇಲ್‌ನಲ್ಲಿ ರಾಜೀನಾಮೆ ಕಳಿಸಿದರು. ತೆರವಾದ ಸ್ಥಾನಕ್ಕೆ ಜುಲೈ 20ರಂದು ಸಂಸತ್ತು ರಹಸ್ಯ ಮತದಾನ ನಡೆಸಿ, ಆಗ ಪ್ರಧಾನಿಯಾಗಿದ್ದ ರನಿಲ್ ವಿಕ್ರಮಸಿಂಘೆ ಅವರನ್ನು ಗೊಟಬಯ ಅವರ ಉಳಿದ ಅವಧಿಗೆ, ಅಂದರೆ 2024ರವರೆಗೆ, ಅಧ್ಯಕ್ಷರನ್ನಾಗಿ ಆರಿಸಿತು. ಇಷ್ಟು ದೊಡ್ಡ ಜನಾಕ್ರೋಶದ ನಂತರ ಆ ತೀರ್ಮಾನವನ್ನು ಸಂಸತ್ತು ತನ್ನ ಕೈಯಲ್ಲೇ ಇಟ್ಟುಕೊಂಡದ್ದು ಸರಿಯೇ? ಕೆಲವೇ ತಿಂಗಳಲ್ಲಿ ಚುನಾವಣೆಗೆ ಹೋಗಬೇಕಿತ್ತೇ?

ಪರ: ಜನರ ಮುಂದೆ ಹೋಗಬೇಕಿತ್ತು

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಜುಲೈ 20ರ ಆಯ್ಕೆ ಸಂವಿಧಾನಬಾಹಿರವೆಂದು ಯಾರೂ ಗಂಭೀರವಾಗಿ ವಾದಿಸಲಾರರು. ಅಧ್ಯಕ್ಷ ಸ್ಥಾನ ಅವಧಿಗೆ ಮೊದಲೇ ತೆರವಾದರೆ ಒಂದು ತಿಂಗಳೊಳಗೆ ಸಂಸತ್ತು ತನ್ನ ಸದಸ್ಯರಲ್ಲೇ ಒಬ್ಬರನ್ನು ಉಳಿದ ಅವಧಿಗೆ ಆರಿಸಬೇಕೆಂದು ಶ್ರೀಲಂಕಾ ಸಂವಿಧಾನದ 40ನೇ ವಿಧಿ ಹೇಳುತ್ತದೆ. 1993ರಲ್ಲಿ ರಣಸಿಂಘೆ ಪ್ರೇಮದಾಸ ಹತ್ಯೆಯಾದಾಗ ಡಿ.ಬಿ. ವಿಜೇತುಂಗ ಅಧ್ಯಕ್ಷರಾದದ್ದು ಇದೇ ದಾರಿಯಲ್ಲಿ, ಅದೂ ಅವಿರೋಧವಾಗಿ. ಆದರೆ ಈ ಎರಡು ಸಂದರ್ಭಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಪ್ರೇಮದಾಸ ಅವರನ್ನು ಕೊಂದದ್ದು ಬಾಂಬ್. ವ್ಯಕ್ತಿ ಹೋದರು, ಜನರು ಕೊಟ್ಟ ಆದೇಶ ಉಳಿಯಿತು. ಗೊಟಬಯ ವಿಷಯದಲ್ಲಿ ನಡೆದದ್ದು ಇದರ ತಿರುವುಮುರುವು: ವ್ಯಕ್ತಿ ಸಿಂಗಪುರದಲ್ಲಿ ಕ್ಷೇಮವಾಗಿದ್ದರು, ಇಲ್ಲವಾದದ್ದು ಜನಾದೇಶ. ಇಲ್ಲವಾದ ಆದೇಶದ ಉಳಿಕೆ ಅವಧಿಯನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲು ಅಲ್ಲಿ ಏನು ಉಳಿದಿತ್ತು?

ಆ ಸಂಸತ್ತಿನ ಹುಟ್ಟನ್ನೂ ನೋಡಬೇಕು. 2020ರ ಆಗಸ್ಟ್ ಚುನಾವಣೆಯಲ್ಲಿ ರಾಜಪಕ್ಸ ಕುಟುಂಬದ ಶ್ರೀಲಂಕಾ ಪೊದುಜನ ಪೆರಮುಣ ಶೇ 59ರಷ್ಟು ಮತ ಪಡೆದು 225ರಲ್ಲಿ 145 ಸ್ಥಾನ ಗೆದ್ದಿತ್ತು. ಮತದಾರರು ಆಗ ಮೆಚ್ಚಿದ್ದು 2019ರ ಈಸ್ಟರ್ ಬಾಂಬ್ ದಾಳಿಯ ನಂತರ ಭದ್ರತೆ ಕೊಡುತ್ತೇವೆಂಬ ಮಾತನ್ನು. ರಾಸಾಯನಿಕ ಗೊಬ್ಬರದ ಆಮದನ್ನು ರಾತ್ರೋರಾತ್ರಿ ನಿಷೇಧಿಸಿ ಭತ್ತ, ಚಹಾ ಬೆಳೆಗಾರರನ್ನು ಕಂಗಾಲು ಮಾಡುತ್ತೇವೆಂದಾಗಲಿ, ಔಷಧ ತರಿಸಲೂ ಡಾಲರ್ ಇಲ್ಲದ ಸ್ಥಿತಿಯಲ್ಲಿ 2022ರ ಜನವರಿಯಲ್ಲಿ 50 ಕೋಟಿ ಡಾಲರ್ ಬಾಂಡ್ ಸಾಲ ತೀರಿಸುತ್ತೇವೆಂದಾಗಲಿ ಆ ಪಕ್ಷ ಹೇಳಿರಲಿಲ್ಲ. ವ್ಯಾಟ್ ತೆರಿಗೆಯನ್ನು ಶೇ 15ರಿಂದ 8ಕ್ಕೆ ಇಳಿಸಿದ್ದು ಮಾತ್ರ ಮತದಾರರ ಕಣ್ಣಮುಂದಿತ್ತು. ಅದರ ಬೆಲೆ ಎಷ್ಟೆಂದು ಅವರಿಗೆ ಆಗ ಗೊತ್ತಿರಲಿಲ್ಲ. 2022ರ ಹೊತ್ತಿಗೆ ಗೊತ್ತಾಗಿತ್ತು. ಒಂದು ಸಂಸತ್ತು ತನ್ನ ಜನರಿಂದ ಎಷ್ಟು ದೂರ ಸರಿಯಬಹುದೆಂಬುದಕ್ಕೆ ಈ ಎರಡು ವರ್ಷಗಳಿಗಿಂತ ಸ್ಪಷ್ಟ ನಿದರ್ಶನ ನಮ್ಮ ಉಪಖಂಡದಲ್ಲಿ ಸಿಗುವುದು ಕಷ್ಟ.

ಅಂಥ ಸಂಸತ್ತು ಆರಿಸಿದ್ದು ಯಾರನ್ನು? ವಿಕ್ರಮಸಿಂಘೆ 2020ರಲ್ಲಿ ಕೊಲಂಬೊದಲ್ಲಿ ಸೋತವರು. ಅವರ ಯುನೈಟೆಡ್ ನ್ಯಾಷನಲ್ ಪಾರ್ಟಿಗೆ ಇಡೀ ದೇಶದಲ್ಲಿ ಬಿದ್ದದ್ದು ಶೇ 2.15ರಷ್ಟು ಮತ. ಒಟ್ಟು ಮತಕ್ಕೆ ತಕ್ಕಂತೆ ಪಕ್ಷಗಳಿಗೆ ಸ್ಥಾನ ಹಂಚುವ ರಾಷ್ಟ್ರೀಯ ಪಟ್ಟಿಯ ಲೆಕ್ಕದಲ್ಲಿ ದಕ್ಕಿದ ಒಂದೇ ಒಂದು ಸ್ಥಾನವನ್ನು ಮರುವರ್ಷ ಜೂನ್‌ನಲ್ಲಿ ತಾವೇ ತುಂಬಿಕೊಂಡು ಅವರು ಸದನಕ್ಕೆ ಮರಳಿದ್ದರು. ಜುಲೈ 20ರಂದು ಅವರಿಗೆ ಬಿದ್ದ 134 ಮತಗಳಲ್ಲಿ ಹೆಚ್ಚಿನವು, ಜನರು ಬೀದಿಗಿಳಿದು ಹೊರಗೆ ಹೋಗಿ ಎಂದು ಕೂಗುತ್ತಿದ್ದ ಅದೇ ಪೊದುಜನ ಪೆರಮುಣದ ಸದಸ್ಯರವು. ವಿರೋಧ ಪಕ್ಷದ ನಾಯಕ ಸಜಿತ್ ಪ್ರೇಮದಾಸ ಕಣದಿಂದ ಸರಿದು, ಆಳುವ ಪಕ್ಷದ ಬಂಡಾಯಗಾರ ಡಲ್ಲಾಸ್ ಅಲಹಪ್ಪೆರುಮ ಅವರನ್ನು ಬೆಂಬಲಿಸಿದರೂ ಅವರಿಗೆ ಸಿಕ್ಕಿದ್ದು 82 ಮತ. ಅನುರ ಕುಮಾರ ದಿಸ್ಸನಾಯಕೆ ಅವರಿಗೆ 3. ಈ ಕೊನೆಯ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಚುನಾವಣೆಗೆ ಹೋಗಲು ದಾರಿಯೇ ಇರಲಿಲ್ಲವೆಂಬ ಮಾತು ಆಗಾಗ ಕೇಳಿಬರುತ್ತದೆ. ದಾರಿ ಇತ್ತು. ಎರಡೂವರೆ ವರ್ಷ ತುಂಬುವ ಮೊದಲು ಸಂಸತ್ತನ್ನು ಅಧ್ಯಕ್ಷರು ತಾವಾಗಿ ವಿಸರ್ಜಿಸುವಂತಿರಲಿಲ್ಲ, ನಿಜ. ಆದರೆ ವಿಸರ್ಜಿಸಿ ಎಂದು ಸಂಸತ್ತೇ ನಿರ್ಣಯ ಮಾಡಿ ಕೇಳಿಕೊಳ್ಳಬಹುದಿತ್ತು. ಹಂಗಾಮಿಯಾಗಿ ಒಬ್ಬರನ್ನು ಆರಿಸಿ, ಇಂಧನ, ಔಷಧ, ಆಹಾರ ಈ ಮೂರರ ಹೊಣೆಯನ್ನಷ್ಟೇ ಅವರಿಗೆ ವಹಿಸಿ, ಆರು ತಿಂಗಳೊಳಗೆ ಸಂಸತ್ ಚುನಾವಣೆ ಎಂದು ಸರ್ವಪಕ್ಷಗಳು ದಿನಾಂಕ ಸಾರಿದ್ದರೆ ಸಂವಿಧಾನದ ಒಂದು ಅಕ್ಷರಕ್ಕೂ ಧಕ್ಕೆಯಾಗುತ್ತಿರಲಿಲ್ಲ. ಹಾಗಾಗಲಿಲ್ಲ. ಫೆಬ್ರುವರಿ 2023ರಲ್ಲಿ ಎರಡೂವರೆ ವರ್ಷ ತುಂಬಿ, ವಿಸರ್ಜನೆಯ ಅಧಿಕಾರ ಪೂರ್ತಿಯಾಗಿ ಅಧ್ಯಕ್ಷರ ಕೈಗೆ ಬಂದ ಮೇಲೂ ಆಗಲಿಲ್ಲ. ಪೆಟ್ರೋಲ್ ಇರಲಿಲ್ಲ, ಕಾಗದ ಇರಲಿಲ್ಲ ಎಂಬ ಕಾರಣ ಆ ಹೊತ್ತಿಗೆ ಎಲ್ಲಿತ್ತು? ಕೋವಿಡ್ ಹಾವಳಿಯ ನಡುವೆ, ಎರಡು ಬಾರಿ ಮುಂದೂಡಿಯಾದರೂ, 2020ರಲ್ಲಿ ಚುನಾವಣೆ ನಡೆಸಿದ ದೇಶ ಅದು.

ಹಂಗಾಮಿ ಸರ್ಕಾರ ಮಾಡಬಹುದಾದ ಕೆಲಸಕ್ಕೂ ಐದು ವರ್ಷದ ಜನಾದೇಶವಿರುವ ಸರ್ಕಾರ ಮಾಡಬಹುದಾದ ಕೆಲಸಕ್ಕೂ ವ್ಯತ್ಯಾಸವಿದೆ. ವಿಕ್ರಮಸಿಂಘೆ ಸರ್ಕಾರ ಮನೆ ನಿಭಾಯಿಸಿ ಸುಮ್ಮನಿರಲಿಲ್ಲ. 2022ರ ಆಗಸ್ಟ್‌ನಲ್ಲಿ ವಿದ್ಯುತ್ ದರವನ್ನು ಸರಾಸರಿ ಶೇ 75ರಷ್ಟು, ಮುಂದಿನ ಫೆಬ್ರುವರಿಯಲ್ಲಿ ಮತ್ತೆ ಶೇ 66ರಷ್ಟು ಏರಿಸಿತು. ವ್ಯಾಟ್ ಅನ್ನು 2024ರ ಜನವರಿಗೆ ಶೇ 18ಕ್ಕೆ ಒಯ್ದಿತು. 2023ರ ಜುಲೈನಲ್ಲಿ ದೇಶೀ ಸಾಲವನ್ನು ಮರುಹೊಂದಿಸುವಾಗ ಬ್ಯಾಂಕುಗಳ ಬಳಿಯಿದ್ದ ಸರ್ಕಾರಿ ಬಾಂಡ್‌ಗಳನ್ನು ಮುಟ್ಟದೆ, ನೌಕರರ ಭವಿಷ್ಯ ನಿಧಿಯ ಬಾಂಡ್‌ಗಳನ್ನು ಕಡಿಮೆ ಬಡ್ಡಿಯ ಬಾಂಡ್‌ಗಳಿಗೆ ಬದಲಾಯಿಸಿತು. ಗಾರ್ಮೆಂಟ್ ಕಾರ್ಖಾನೆಯ ಹೊಲಿಗೆ ಯಂತ್ರದ ಮುಂದೆ ಇಪ್ಪತ್ತು ವರ್ಷ ಕೂತು ಕೂಡಿಟ್ಟ ಹೆಂಗಸಿನ ಮುಪ್ಪಿನ ಹಣದ ಮೇಲೆ ಹೀಗೆ ಕೈಯಿಡುವ ಮುನ್ನ ಆಕೆಯನ್ನು ಒಂದು ಮಾತು ಕೇಳಬೇಕಿತ್ತು. ಈ ಕ್ರಮಗಳಲ್ಲಿ ಕೆಲವು ಅನಿವಾರ್ಯವೇ ಆಗಿದ್ದಿರಬಹುದು. ಪ್ರಶ್ನೆ ಅವುಗಳ ಅಗತ್ಯದ್ದಲ್ಲ, ಹೊರೆಯನ್ನು ಯಾರ ಬೆನ್ನಿಗೆ ಎಷ್ಟು ಹಂಚಬೇಕೆಂದು ತೀರ್ಮಾನಿಸುವ ಹಕ್ಕಿನದು. ಆ ಹಕ್ಕು ಮತಪೆಟ್ಟಿಗೆಯಿಂದ ಬರುತ್ತದೆ, ನೆರವು ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಅಧಿಕಾರಿಗಳ ಜೊತೆಗಿನ ಸಭೆಯಿಂದ ಬರುವುದಿಲ್ಲ.

ಪ್ರತಿಭಟನೆ ನಡೆದ ಕೊಲಂಬೊದ ಗಾಲ್ ಫೇಸ್ ಮೈದಾನದ ಜನರ ಬಗ್ಗೆಯೂ ಒಂದು ಮಾತು. ಅಧ್ಯಕ್ಷರ ಈಜುಕೊಳದಲ್ಲಿ ಯುವಕರು ಈಜುವ ದೃಶ್ಯವನ್ನು ನಮ್ಮ ವಾಹಿನಿಗಳು ದಿನವಿಡೀ ತೋರಿಸಿದವು. ಅದೇ ನಿವಾಸದಲ್ಲಿ ಸಿಕ್ಕ 1.78 ಕೋಟಿ ಶ್ರೀಲಂಕಾ ರೂಪಾಯಿಯಷ್ಟು ನಗದನ್ನು ಎಣಿಸಿ ಪೊಲೀಸರಿಗೆ ಒಪ್ಪಿಸಿದವರೂ ಆ ಪ್ರತಿಭಟನಕಾರರೇ. ಏಪ್ರಿಲ್ 9ರಿಂದ ಆ ಮೈದಾನದಲ್ಲಿ ಡೇರೆ ಹಾಕಿ, ಗ್ರಂಥಾಲಯ ತೆರೆದು, ಸಿಂಹಳ, ತಮಿಳು, ಮುಸ್ಲಿಂ ಎಂಬ ಭೇದವಿಲ್ಲದೆ ಅಡುಗೆ ಮಾಡಿ ಹಂಚಿ ತಿಂದವರು ಅವರು. ಹೊಸ ಅಧ್ಯಕ್ಷರು ಪ್ರಮಾಣವಚನ ಸ್ವೀಕರಿಸಿದ ಮರುದಿನ, ಜುಲೈ 22ರ ನಸುಕಿನಲ್ಲಿ, ಅಂದೇ ಮಧ್ಯಾಹ್ನ ಜಾಗ ತೆರವು ಮಾಡುತ್ತೇವೆಂದು ಅವರು ಹೇಳಿದ್ದರೂ, ಸೈನಿಕರು ಬಂದು ಡೇರೆಗಳನ್ನು ಕಿತ್ತರು. ಜನರಿಂದ ಬಂದ ಅಧ್ಯಕ್ಷರಿಗೆ ಕೆಲವು ಗಂಟೆ ಕಾಯುವ ವ್ಯವಧಾನವಿರುತ್ತಿತ್ತು.

ಜನರನ್ನು ಕಡೆಗೂ ಕೇಳಿದಾಗ ಬಂದ ಉತ್ತರವೇನು? 2024ರ ಸೆಪ್ಟೆಂಬರ್ 21ರಂದು ವಿಕ್ರಮಸಿಂಘೆ ಅವರಿಗೆ ಸಿಕ್ಕಿದ್ದು ಶೇ 17ರಷ್ಟು ಮತ. ಸಂಸತ್ತಿನಲ್ಲಿ 3 ಮತ ಪಡೆದಿದ್ದ ದಿಸ್ಸನಾಯಕೆ ಅಧ್ಯಕ್ಷರಾದರು. ನವೆಂಬರ್‌ನಲ್ಲಿ ಅವರ ನ್ಯಾಷನಲ್ ಪೀಪಲ್ಸ್ ಪವರ್ 3 ಸ್ಥಾನದಿಂದ 159ಕ್ಕೆ ಏರಿತು. ಪೊದುಜನ ಪೆರಮುಣ 145ರಿಂದ 3ಕ್ಕೆ ಇಳಿಯಿತು. ಸದನದ ಲೆಕ್ಕಕ್ಕೂ ದೇಶದ ಲೆಕ್ಕಕ್ಕೂ ಇಷ್ಟು ಅಂತರವಿದ್ದಾಗ, ಎರಡು ವರ್ಷ ದೇಶವನ್ನಾಳಿದ್ದು ತಪ್ಪು ಲೆಕ್ಕ.

ವಿರೋಧ: ಸಂಸತ್ತಿನ ದಾರಿಯೇ ಸರಿ

ವಾದವನ್ನು 2024ರ ಅಂಕಿಗಳಿಂದ ಹಿಂದಕ್ಕೆ ನಡೆಸುವುದು ಸುಲಭ. 2022ರ ಜೂನ್ ಕೊನೆಯ ವಾರದಲ್ಲಿ ನಿಂತು ನೋಡಿದರೆ ಕಾಣುವುದು ಬೇರೆ. ಜೂನ್ 28ರಿಂದ ಅಗತ್ಯ ಸೇವೆಗಳಿಗೆ ಬಿಟ್ಟರೆ ಯಾರಿಗೂ ಪೆಟ್ರೋಲ್, ಡೀಸೆಲ್ ಮಾರುವಂತಿಲ್ಲವೆಂದು ಸರ್ಕಾರ ಆದೇಶಿಸಿತ್ತು. ಬಂಕ್‌ಗಳ ಮುಂದೆ ಆಟೊ ಚಾಲಕರು ಹಗಲುರಾತ್ರಿ ಸರತಿಯಲ್ಲಿ ನಿಂತು ಸೀಟಿನಲ್ಲೇ ಮಲಗುತ್ತಿದ್ದರು. ಸಾಲಿನಲ್ಲಿ ಕುಸಿದು ಸತ್ತ ವೃದ್ಧರ ಸುದ್ದಿ ಮಾರ್ಚ್‌ನಿಂದಲೇ ಬರುತ್ತಿತ್ತು. ಮುದ್ರಣದ ಕಾಗದ ತರಿಸಲು ಡಾಲರ್ ಇಲ್ಲದೆ ಪಶ್ಚಿಮ ಪ್ರಾಂತ್ಯದ ಶಾಲೆಗಳ ಪರೀಕ್ಷೆಗಳನ್ನೇ ಮುಂದೂಡಲಾಗಿತ್ತು. ಬಳಸಲು ಸಿಗುವ ವಿದೇಶಿ ವಿನಿಮಯ 5 ಕೋಟಿ ಡಾಲರ್‌ಗಿಂತ ಕಡಿಮೆಯಿದೆ ಎಂದು ಹಣಕಾಸು ಸಚಿವ ಅಲಿ ಸಬ್ರಿ ಮೇ ತಿಂಗಳಲ್ಲೇ ಸಂಸತ್ತಿಗೆ ತಿಳಿಸಿದ್ದರು. 2 ಕೋಟಿಗೂ ಹೆಚ್ಚು ಜನರಿರುವ ದೇಶದ ಸರ್ಕಾರದ ಬಳಿ ಇದ್ದ ಹಣ ಅಷ್ಟು.

ಈ ಸ್ಥಿತಿಯಲ್ಲಿ ಸಾರ್ವತ್ರಿಕ ಚುನಾವಣೆಯೆಂದರೆ 1.6 ಕೋಟಿ ಮತದಾರರು, ಸುಮಾರು 13 ಸಾವಿರ ಮತಗಟ್ಟೆಗಳು, ಮತಪತ್ರಗಳ ಮುದ್ರಣ, ಸಿಬ್ಬಂದಿಯನ್ನೂ ಪೆಟ್ಟಿಗೆಗಳನ್ನೂ ಸಾಗಿಸುವ ಬಸ್ಸುಗಳು. ಎಲ್ಲ ಸುಸೂತ್ರವಾಗಿದ್ದ 2024ರಲ್ಲೂ ಸಂಸತ್ತು ವಿಸರ್ಜನೆಯಾದ ಸೆಪ್ಟೆಂಬರ್ 24ರಿಂದ ಮತದಾನದ ನವೆಂಬರ್ 14ರವರೆಗೆ ಏಳು ವಾರ ಹಿಡಿದವು. ಆ ಏಳು ವಾರ, ಅದರ ಮೇಲೆ ಸಂಪುಟ ಕಟ್ಟುವ ಕೆಲವು ವಾರ, ಸಾಲ ಕೊಡುವವರು ಯಾರ ಜೊತೆ ಮಾತಾಡಬೇಕಿತ್ತು? ಕೋವಿಡ್ ವರ್ಷದ ಚುನಾವಣೆಯನ್ನು ಪರ ವಾದ ಉದಾಹರಿಸುತ್ತದೆ. ಕೋವಿಡ್ ಕಾಲದಲ್ಲಿ ಖಜಾನೆ ಖಾಲಿಯಾಗಿರಲಿಲ್ಲ, ಬಸ್ಸಿಗೆ ಡೀಸೆಲ್ ಇತ್ತು.

ವಾಸ್ತವದಲ್ಲಿ ನಡೆದದ್ದು ಇದು. ಸಂಸತ್ತಿನ ಆಯ್ಕೆಯಾದ ಆರು ವಾರಕ್ಕೆ, ಸೆಪ್ಟೆಂಬರ್ 1ರಂದು, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಜೊತೆ 290 ಕೋಟಿ ಡಾಲರ್ ನೆರವಿನ ಪ್ರಾಥಮಿಕ ಒಪ್ಪಂದವಾಯಿತು. ಆದರೆ ಆ ಹಣ ಕೈಗೆ ಬರಬೇಕಾದರೆ ದೊಡ್ಡ ಸಾಲ ಕೊಟ್ಟವರು ಒಬ್ಬೊಬ್ಬರಾಗಿ ಸಾಲ ಮರುಹೊಂದಿಸಲು ಸಿದ್ಧವೆಂದು ಬರೆದುಕೊಡಬೇಕಿತ್ತು. ಮೊದಲು ಕೊಟ್ಟದ್ದು ಭಾರತ, 2023ರ ಜನವರಿಯಲ್ಲಿ. ಚೀನಾದ ಒಪ್ಪಿಗೆ ದಕ್ಕಿದ್ದು ಮಾರ್ಚ್‌ನಲ್ಲಿ. ಮಾರ್ಚ್ 20ರಂದು ನಿಧಿಯ ಆಡಳಿತ ಮಂಡಳಿ ಅಂಕಿತ ಹಾಕಿತು. ಆರು ತಿಂಗಳ ಹಂಗಾಮಿ ಅಧ್ಯಕ್ಷರೊಬ್ಬರ ಮಾತಿಗೆ, ನಾಳೆ ಬರುವವರು ಇದನ್ನು ಒಪ್ಪುತ್ತಾರೋ ಇಲ್ಲವೋ ಎಂಬ ಅನುಮಾನವಿಟ್ಟುಕೊಂಡು, ಬೀಜಿಂಗ್ ಆಗಲಿ ದೆಹಲಿಯಾಗಲಿ ಪತ್ರ ಬರೆದುಕೊಡುತ್ತಿತ್ತೆಂದು ನಂಬುವುದು ನನಗಂತೂ ಕಷ್ಟ.

ಇಂಧನದ ವಿಷಯವನ್ನೇ ತೆಗೆದುಕೊಳ್ಳಿ, ಏಕೆಂದರೆ ಜನರ ಸಿಟ್ಟು ಮೊದಲು ಕುದಿದದ್ದು ಬಂಕ್‌ಗಳ ಮುಂದೆ. ಜುಲೈ ಕೊನೆಗೆ ಜಾರಿಗೆ ಬಂದ ಇಂಧನ ಪಾಸ್ ವ್ಯವಸ್ಥೆಯಲ್ಲಿ ಪ್ರತಿ ವಾಹನಕ್ಕೂ ಒಂದು ಕ್ಯೂಆರ್ ಕೋಡ್. ವಾರಕ್ಕೆ ಬೈಕಿಗೆ 4 ಲೀಟರ್, ಆಟೊಕ್ಕೆ 5, ಕಾರಿಗೆ 20. ಬಂಕ್‌ನ ಹುಡುಗ ಮೊಬೈಲ್‌ನಲ್ಲಿ ಕೋಡ್ ಓದಿಸಿದರೆ ಎಷ್ಟು ಲೀಟರ್ ಬಾಕಿಯಿದೆಯೆಂದು ತೋರಿಸುತ್ತಿತ್ತು. ತೋರಿಸಿದ್ದಕ್ಕಿಂತ ಒಂದು ಹನಿ ಹೆಚ್ಚಿಗೆ ಇಲ್ಲ. ಕೋಟಾ ಸಣ್ಣದೇ. ಅದರಲ್ಲಿ ಆಟೊ ಓಡಿಸಿ ಸಂಸಾರ ನಡೆಸುವುದು ಸಾಧ್ಯವಿಲ್ಲವೆಂದು ಚಾಲಕರು ದೂರಿದ್ದೂ ನ್ಯಾಯವೇ. ಆದರೆ ಕಿಲೋಮೀಟರ್‌ಗಟ್ಟಲೆ ಸಾಲುಗಳು ಕೆಲವು ವಾರಗಳಲ್ಲಿ ಕರಗಿದವು, ಕ್ಯಾನುಗಳಲ್ಲಿ ತುಂಬಿಟ್ಟು ಕಾಳಸಂತೆಯಲ್ಲಿ ಮಾರುವವರ ಕಸುಬು ನಿಂತಿತು. ಸೆಪ್ಟೆಂಬರ್‌ನಲ್ಲಿ ಶೇ 69.8ಕ್ಕೆ ಏರಿದ್ದ ಕೊಲಂಬೊದ ಹಣದುಬ್ಬರ ಮರುವರ್ಷ ಅದೇ ತಿಂಗಳಿಗೆ ಶೇ 1.3ಕ್ಕೆ ಇಳಿಯಿತು. ಬೆಲೆಗಳು ಹಿಂದಕ್ಕೆ ಬರಲಿಲ್ಲ, ಏರುವುದು ನಿಂತಿತು ಅಷ್ಟೆ. ಬಡವರ ಪ್ರಮಾಣ ಸುಮಾರು ಶೇ 13ರಿಂದ 25ಕ್ಕೆ ಹೆಚ್ಚಿದ್ದನ್ನು ವಿಶ್ವಬ್ಯಾಂಕ್ ಲೆಕ್ಕ ಹೇಳುತ್ತದೆ. ಅದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಲು ಕೂರುವ ಬದಲು, ಕೈಗೆ ಸಿಕ್ಕ ಕೊಡದಿಂದ ನೀರು ಎರಚಿದ ಕಾರಣ ಕೆಲವು ಗೋಡೆಗಳಾದರೂ ಉಳಿದವು ಎಂಬುದಷ್ಟೇ ನನ್ನ ವಾದ.

ಎರಡನೆಯ ಕಾರಣ ಮೇ 9. ಅಂದು ಪ್ರಧಾನಿ ಮಹಿಂದ ರಾಜಪಕ್ಸ ಅವರ ಬೆಂಬಲಿಗರು ಅಧಿಕೃತ ನಿವಾಸದಿಂದ ಹೊರಟು ಗಾಲ್ ಫೇಸ್‌ನ ಪ್ರತಿಭಟನಕಾರರ ಮೇಲೆ ದೊಣ್ಣೆ ಬೀಸಿದರು. ಸಂಜೆಯೊಳಗೆ ಮಹಿಂದ ರಾಜೀನಾಮೆ ಕೊಟ್ಟರು, ರಾತ್ರಿಯಿಡೀ ಆಳುವ ಪಕ್ಷದವರ ಹತ್ತಾರು ಮನೆಗಳು ಉರಿದವು, ನಿಟ್ಟಂಬುವದಲ್ಲಿ ಸಂಸದ ಅಮರಕೀರ್ತಿ ಅತುಕೋರಳ ಗುಂಪಿನ ಕೈಗೆ ಸಿಕ್ಕು ಸತ್ತರು. ಜುಲೈ 9ರ ರಾತ್ರಿ ವಿಕ್ರಮಸಿಂಘೆ ಅವರ ಖಾಸಗಿ ಮನೆಗೂ ಬೆಂಕಿ ಬಿತ್ತು. ತನ್ನ ಕ್ಷೇತ್ರಕ್ಕೆ ಕಾಲಿಡಲಾಗದ ಅಭ್ಯರ್ಥಿ ನಾಮಪತ್ರ ಸಲ್ಲಿಸುವ ಚುನಾವಣೆ ಸೋಲುವವನಿಗೆ ಮಾತ್ರ ಅನ್ಯಾಯವಲ್ಲ. ಅದರಿಂದ ಬರುವ ಗೆಲುವಿನ ಮೇಲೂ ಹೊಗೆ ಕವಿದಿರುತ್ತದೆ.

ಜನಾದೇಶ ಸತ್ತಿತ್ತೆಂಬ ಮಾತು ಕೇಳಲು ಚೆನ್ನಾಗಿದೆ. ಆದರೆ ಜನಾದೇಶ ಸತ್ತಿದೆಯೆಂದು ಘೋಷಿಸುವವರು ಯಾರು? ಮೈದಾನದಲ್ಲಿ ಎಷ್ಟು ಲಕ್ಷ ಜನ ಸೇರಿದರೆ ಸಂಸತ್ತು ತನ್ನ ಅವಧಿ ಬಿಟ್ಟುಕೊಡಬೇಕು? ಈ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಮುಂದಿನ ಬಾರಿ ಮೈದಾನಕ್ಕೆ ಜನ ತರುವವರು ಗಾಲ್ ಫೇಸ್‌ನ ಗ್ರಂಥಾಲಯದವರಷ್ಟು ಸಜ್ಜನರಾಗಿರುತ್ತಾರೆಂಬ ಭರವಸೆಯೂ ಇಲ್ಲ. 2024ರ ಆಗಸ್ಟ್‌ನಲ್ಲಿ ಬಾಂಗ್ಲಾದೇಶದಲ್ಲಿ, 2025ರ ಸೆಪ್ಟೆಂಬರ್‌ನಲ್ಲಿ ನೇಪಾಳದಲ್ಲಿ ಇಂಥದೇ ಜನಾಕ್ರೋಶಕ್ಕೆ ಸರ್ಕಾರಗಳು ಉರುಳಿದವು. ಎರಡೂ ಕಡೆ ಸಂಸತ್ತು ವಿಸರ್ಜನೆಯಾಯಿತು. ಯಾವ ಮತದಾರನೂ ಆರಿಸದವರು ಅಧಿಕಾರಕ್ಕೆ ಬಂದರು. ಬಾಂಗ್ಲಾದೇಶ ವರ್ಷಕ್ಕೂ ಮೀರಿ ಅಂಥ ಮಧ್ಯಂತರ ಸರ್ಕಾರದ ಕೈಯಲ್ಲಿ ಕಳೆಯಿತು. ಶ್ರೀಲಂಕಾದಲ್ಲಿ ಚುನಾಯಿತ ಸದನವಿಲ್ಲದ, ಸಂವಿಧಾನ ಹೇಳದ ಕುರ್ಚಿಯಲ್ಲಿ ಯಾರೋ ಕೂತ ಒಂದು ದಿನವೂ ಇರಲಿಲ್ಲ. ವಿಕ್ರಮಸಿಂಘೆ ಅವರನ್ನು ನಾನು ಮೆಚ್ಚಬೇಕಿಲ್ಲ, ಮೆಚ್ಚುವುದೂ ಇಲ್ಲ. ಅವರು ಬಂದ ಬಾಗಿಲು ಸರಿಯಾದ ಬಾಗಿಲು.

ಆ ಸದನ ರಾಜಪಕ್ಸರ ಸೇವೆಗಷ್ಟೇ ನಿಂತಿತೆಂಬುದೂ ಪೂರ್ಣ ಸತ್ಯವಲ್ಲ. 2022ರ ಅಕ್ಟೋಬರ್‌ನಲ್ಲಿ ಅದೇ ಸದಸ್ಯರು 179 ಮತಗಳಿಂದ ಸಂವಿಧಾನದ 21ನೇ ತಿದ್ದುಪಡಿ ಅಂಗೀಕರಿಸಿ, ಗೊಟಬಯ ತಮಗಾಗಿ ಮಾಡಿಸಿಕೊಂಡಿದ್ದ 20ನೇ ತಿದ್ದುಪಡಿಯ ಅಧಿಕಾರಗಳಲ್ಲಿ ಕೆಲವನ್ನು ಕತ್ತರಿಸಿದರು. ಎರಡು ದೇಶಗಳ ಪೌರತ್ವ ಉಳ್ಳವರು ಸಂಸತ್ತಿಗೆ ಬರುವಂತಿಲ್ಲವೆಂಬ ನಿಯಮ ಮರಳಿತು. ಅದರ ಏಟು ನೇರವಾಗಿ ಬಿದ್ದದ್ದು ಅಮೆರಿಕದ ಪೌರತ್ವವೂ ಇದ್ದ ಗೊಟಬಯ ಸೋದರ ಬೇಸಿಲ್ ರಾಜಪಕ್ಸ ಅವರಿಗೆ. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಆರ್ಥಿಕ ಕುಸಿತಕ್ಕೆ ರಾಜಪಕ್ಸ ಸೋದರರೂ ಕೇಂದ್ರ ಬ್ಯಾಂಕಿನ ಇಬ್ಬರು ಮಾಜಿ ಗವರ್ನರ್‌ಗಳೂ ಹೊಣೆಯೆಂದು ಹೆಸರಿಟ್ಟು ಹೇಳಿತು.

ಇನ್ನು 2024ರ ತೀರ್ಪು. ದಿಸ್ಸನಾಯಕೆ ಗೆದ್ದದ್ದನ್ನು ಪರ ವಾದ ತನ್ನ ಸಾಕ್ಷಿಯಾಗಿ ತರುತ್ತದೆ; ಗೆದ್ದ ಮೇಲೆ ಅವರು ಮಾಡಿದ್ದನ್ನು ಹೇಳುವುದಿಲ್ಲ. ಹಣಕಾಸು ನಿಧಿಯ ಕಾರ್ಯಕ್ರಮವನ್ನು ಅವರು ಮುಂದುವರಿಸಿದರು, ವಿದೇಶಿ ಬಾಂಡ್ ಸಾಲಗಳ ಮರುಹೊಂದಾಣಿಕೆಯನ್ನು 2024ರ ಡಿಸೆಂಬರ್‌ನಲ್ಲಿ ಪೂರೈಸಿದರು, ಹಿಂದಿನ ಸರ್ಕಾರ ನೇಮಿಸಿದ್ದ ಕೇಂದ್ರ ಬ್ಯಾಂಕ್ ಗವರ್ನರ್ ನಂದಲಾಲ್ ವೀರಸಿಂಘೆ ಅವರನ್ನೇ ಉಳಿಸಿಕೊಂಡರು. ಜನರು ಆಳುವವರನ್ನು ಬದಲಿಸಿದರು, ದಾರಿಯನ್ನು ಬದಲಿಸಲಿಲ್ಲ. 2019ರಲ್ಲಿ ಶೇ 3ರಷ್ಟು ಮತ ಪಡೆದಿದ್ದ ಪಕ್ಷವೊಂದು ಹಳ್ಳಿಹಳ್ಳಿಗೆ ಹೋಗಿ ಸಂಘಟನೆ ಕಟ್ಟಿ, ಸಿಂಹಳ ಪ್ರಾಬಲ್ಯದ ಪಕ್ಷವೆಂಬ ಅಳುಕಿದ್ದ ಜಾಫ್ನಾದಲ್ಲೂ ಮೊದಲ ಸ್ಥಾನ ಪಡೆಯುವಷ್ಟು ಬೆಳೆದದ್ದು ಈ ಎರಡು ವರ್ಷಗಳಲ್ಲೇ. 2022ರ ಅವಸರದ ಚುನಾವಣೆಯಲ್ಲಿ ಸಿಟ್ಟಿಗೆ ಮತ ಬೀಳುತ್ತಿತ್ತು. ಅದರ ಲಾಭ ಸಿದ್ಧ ಸಂಘಟನೆಯಿದ್ದ ಹಳೆಯ ಪಕ್ಷಗಳಿಗೇ ಹೋಗುವ ಸಂಭವ ಹೆಚ್ಚಿತ್ತು.

ಪರ ವಾದದಲ್ಲಿ ಹೇಳದೆ ಬಿಟ್ಟ ಒಂದು ಸಂಗತಿಯನ್ನು ನಾನೇ ಎತ್ತುತ್ತೇನೆ, ಏಕೆಂದರೆ ವಿಕ್ರಮಸಿಂಘೆ ಆಡಳಿತದ ನಿಜವಾದ ಅಪರಾಧ ಅಲ್ಲಿದೆ. 2023ರ ಮಾರ್ಚ್ 9ಕ್ಕೆ ಸ್ಥಳೀಯ ಸಂಸ್ಥೆಗಳ ಚುನಾವಣೆ ನಿಗದಿಯಾಗಿತ್ತು, ನಾಮಪತ್ರ ಸಲ್ಲಿಕೆಯೂ ಮುಗಿದಿತ್ತು. ಖಜಾನೆಯಲ್ಲಿ ಹಣವಿಲ್ಲವೆಂದಿತು ಸರ್ಕಾರ. ಹಣ ಕೊಡದಿದ್ದರೆ ಮತಪತ್ರ ಮುದ್ರಿಸಲಾರೆನೆಂದಿತು ಸರ್ಕಾರಿ ಮುದ್ರಣಾಲಯ. ಬಜೆಟ್‌ನಲ್ಲಿ ಮೀಸಲಿಟ್ಟ ಹಣ ತಡೆಹಿಡಿಯಬೇಡಿ ಎಂದು ಸುಪ್ರೀಂ ಕೋರ್ಟ್ ಮಾರ್ಚ್ 3ರಂದೇ ಹೇಳಿದರೂ ಮತದಾನ ನಡೆಯಲಿಲ್ಲ. ಪಾಲಿಕೆ, ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದು ವರ್ಷಗಳಾದರೂ ಅಧಿಕಾರಿಗಳ ಆಡಳಿತದಲ್ಲೇ ದಿನ ದೂಡುವುದನ್ನು ಬೆಂಗಳೂರಲ್ಲೂ ಉಳಿದ ಕರ್ನಾಟಕದಲ್ಲೂ ಕಂಡಿರುವ ನಮಗೆ ಈ ಚಾಳಿ ಅಪರಿಚಿತವಲ್ಲ. 2022ರ ಜುಲೈನಲ್ಲಿ ಚುನಾವಣೆ ನಡೆಸದಿದ್ದುದಕ್ಕೆ ಕಾರಣಗಳಿದ್ದವು, 2023ರ ಮಾರ್ಚ್‌ನಲ್ಲಿ ಇರಲಿಲ್ಲ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಹಣಕಾಸು ಸಚಿವರೂ ಆಗಿದ್ದ ವಿಕ್ರಮಸಿಂಘೆ ಮತ್ತಿತರರು ಈ ಚುನಾವಣೆ ನಡೆಸದೆ ಪೌರರ ಮೂಲಭೂತ ಹಕ್ಕು ಉಲ್ಲಂಘಿಸಿದರೆಂದು ತೀರ್ಪಿತ್ತಿತು. ಆ ತೀರ್ಪು ತಪ್ಪು ಹಿಡಿದದ್ದು ಖಜಾನೆಯ ಬೀಗ ಹಿಡಿದುಕೊಂಡವರಲ್ಲಿ, ಜುಲೈ 20ರ ಮತಪೆಟ್ಟಿಗೆಯಲ್ಲಿ ಅಲ್ಲ. ಆ ಸ್ಥಳೀಯ ಚುನಾವಣೆ ಕಡೆಗೆ ನಡೆದದ್ದು 2025ರ ಮೇ 6ರಂದು, ಹೊಸ ಸರ್ಕಾರದ ಕಾಲದಲ್ಲಿ.